ಒಂದನೇ ಟ್ರ್ಯಾಕಿನ ಫ್ಯಾನ್ ಸದ್ದು

ಕಲ್ಯಾಣಮ್ಮನ ತುಟಿ ಆಡುತ್ತಿತ್ತು. ದನಿ ಇರಲಿಲ್ಲ.

ಅನಘಾ ಹೆಡ್‌ಫೋನ್ ಒತ್ತಿಕೊಂಡು ಮತ್ತೆ ಮೊದಲಿನಿಂದ ಹಾಕಿದಳು. ಅತ್ತಿಗುಪ್ಪೆಯ ಎಡಿಟಿಂಗ್ ರೂಮಿನಲ್ಲಿ ಅವಳೊಬ್ಬಳೇ. ಪರದೆಯ ಮೇಲೆ ಮೂರು ಕ್ಯಾಮೆರಾಗಳ ಮೂರು ಕಲ್ಯಾಣಮ್ಮ. ಕೆಳಗೆ ಬೇರೆಯಾಗಿ ರೆಕಾರ್ಡ್ ಮಾಡಿದ ನಾಲ್ಕು ಟ್ರ್ಯಾಕ್. ತಬಲಾ, ಹಾರ್ಮೋನಿಯಂ, ತಂಬೂರಿ ಎಲ್ಲ ಇದ್ದವು. ಕಲ್ಯಾಣಮ್ಮನ ಮೈಕಿನ ಒಂದನೇ ಟ್ರ್ಯಾಕ್ ಮಾತ್ರ ಖಾಲಿ.

ಇದು ಯಾರದೋ ಕಛೇರಿಯಾಗಿದ್ದರೆ ಮಾತು ಬೇರೆ. ಬಸವೇಶ್ವರನಗರದಲ್ಲಿ ನಲವತ್ತು ವರ್ಷ ಮಕ್ಕಳಿಗೆ ವಚನ ಹಾಡಲು ಕಲಿಸಿದವರು ಕಲ್ಯಾಣಮ್ಮ. ಅನಘಾಳೂ ಅವರ ಶಿಷ್ಯೆಯೇ; ಶಿಷ್ಯರಿಗೆಲ್ಲ ಅವರು ‘ಅಮ್ಮ’. ಎರಡು ವಾರದ ಹಿಂದಿನ ಭಾನುವಾರ ಕೊನೆಯ ಸಲ ಹಾಡಿದರು. ಮಂಗಳವಾರ ಡಾಕ್ಟರು ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆ ದನಿ ಉಳಿದಿರಬೇಕಾದದ್ದು ಈ ಟ್ರ್ಯಾಕಿನಲ್ಲಿ.

*

“ಸುಬ್ಬು, ಅಮ್ಮನ ಮೈಕ್ ಆನ್ ಮಾಡಿದ್ಯಾ ಇಲ್ವಾ?”

ಸೌಂಡ್ ನೋಡಿಕೊಂಡಿದ್ದ ಸುಬ್ರಮಣಿ ಕೆಂಗೇರಿಯಿಂದ ಬಿದ್ದಂಬೀಳ ಬಂದಿದ್ದ. “ತಾಯಾಣೆ ಮಾಡಿದ್ದೆ. ಹಾಲ್ ಸ್ಪೀಕರಿಗೂ ಅದೇ ಮೈಕು. ಬೇಕಾದ್ರೆ ಕ್ಯಾಮೆರಾ ಆಡಿಯೋ ಕೇಳು.”

ಕೇಳಿದಳು. ಕೆಮ್ಮು, ಕುರ್ಚಿ ಎಳೆದ ಸದ್ದು, ಅದರ ಹಿಂದೆಲ್ಲೋ ಬಾವಿಯೊಳಗಿಂದ ಬಂದ ಹಾಗೆ ಅಮ್ಮನ ದನಿ. ತಬಲಾ ಮೈಕಿನಲ್ಲೂ ಅಷ್ಟೇ, ಬರೀ ನೆರಳು. ಬಳಸುವ ಹಾಗಿರಲಿಲ್ಲ. ಆದರೆ ಮೈಕ್ ಕೆಲಸ ಮಾಡಿದ್ದಂತೂ ನಿಜ.

“ಶುರುವಿನಲ್ಲಿ ಚಪ್ಪಾಳೆ ಹೊಡೆದೆ ತಾನೆ?”

“ಹೊಡೀದೆ ಇರ್ತೀನಾ?”

ಚಿತ್ರಕ್ಕೂ ಸದ್ದಿಗೂ ತಾಳೆ ಹಾಕಲು ಮೊದಲು ಒಂದು ಚಪ್ಪಾಳೆ ಹೊಡೆಯುವುದು ಅವರ ಪದ್ಧತಿ. ಮೂರು ಟ್ರ್ಯಾಕಿನಲ್ಲಿ ಅದು ಮುಳ್ಳಿನಂತೆ ಎದ್ದು ಕಾಣುತ್ತಿತ್ತು. ಒಂದನೆಯದರಲ್ಲಿ ಇರಲೇ ಇಲ್ಲ.

“ಉದ್ದ ನೋಡು. ಆ ಮೂರೂ ಎರಡು ಗಂಟೆ ನಾಲ್ಕು ನಿಮಿಷ. ಇದು ಎರಡು ಗಂಟೆ ನಲವತ್ತು! ಇದು ಕಛೇರಿನೇ ಅಲ್ಲ ಕಣೋ. ಇದರ ಮೇಲೆ ಯಾರೋ ಬೇರೆ ರೆಕಾರ್ಡ್ ಮಾಡಿದಾರೆ.”

ಸುಬ್ರಮಣಿ ಧೊಪ್ಪನೆ ಕೂತ. “ಬರೀ ಅಳಿಸಿದ್ರೆ ವಾಪಸ್ ತರಬಹುದಿತ್ತು. ಮೇಲೆ ಬರೆದಿದ್ರೆ ಮುಗೀತು.”

“ರೆಕಾರ್ಡರ್ ಎಲ್ಲಿತ್ತು?”

“ಅಮ್ಮನ ಮನೇಲೇ. ಸೋಮವಾರ ಅಕ್ಕನ ಮಗಳ ನಾಮಕರಣ ಇತ್ತು, ಬಿಟ್ಟು ಹೋಗಿದ್ದೆ. ಮಂಗಳವಾರ ಬೆಳಿಗ್ಗೆ ಎತ್ಕೊಂಡ್ ಬಂದೆ.”

ಸೋಮವಾರ ಆ ಮನೆಗೆ ಹೋಗಿದ್ದವನು ಹಾರ್ಮೋನಿಯಂ ನುಡಿಸುವ ಸಿದ್ದಲಿಂಗೇಶ್. ಕಛೇರಿಯ ಪೋಸ್ಟರಿನಲ್ಲಿ ತನ್ನ ಹೆಸರಿಲ್ಲವೆಂದು ಹಾರಾಡಿದ್ದವನು. ಅನಘಾ ಅವನನ್ನು ಫೋನಿನಲ್ಲೇ ತರಾಟೆಗೆ ತೆಗೆದುಕೊಂಡಳು.

“ಅಮ್ಮನ ದನಿ ಅಳಿಸೋಕೆ ನಂಗೆ ಕೈ ಬರುತ್ತಾ ಅನಘಾ?” ಎಂದ ಅವನು. “ಐದು ನಿಮಿಷ ಇದ್ದೆ. ಕಾಲಿಗೆ ಬಿದ್ದು ಬಂದೆ.”

ಅಮ್ಮನ ಯಜಮಾನರು ರೇವಣಸಿದ್ದಪ್ಪನವರನ್ನೂ ಕೇಳಿದಳು. “ಅದನ್ನ ಯಾರೂ ಮುಟ್ಟೇ ಇಲ್ಲ ತಾಯಿ,” ಎಂದರು ಆತುರಾತುರವಾಗಿ.

*

ಖಾಲಿ ಅಂದರೆ ಎಷ್ಟು ಖಾಲಿ? ಅನಘಾ ವಾಲ್ಯೂಮನ್ನು ತುದಿಗೆ ಏರಿಸಿದಳು.

ಟಕ್. ಟಕ್. ಟಕ್.

ಫ್ಯಾನು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಇದೇ ಟಕ್‌ಟಕ್‌ಗೆ ತೊಡೆ ತಟ್ಟಿ ತಾಳ ಕಲಿತವಳು ಅವಳು. ಅಮ್ಮನ ನಡುಮನೆಯ ಫ್ಯಾನು! ನಾಲ್ಕನೇ ನಿಮಿಷದಲ್ಲಿ ಗೆರೆ ಕೊಂಚ ಉಬ್ಬಿತ್ತು. ಗಂಡಸಿನ ಮೆಲುದನಿ: “ಹೂಂ, ಮಾತಾಡು.”

ಗುರುತು ಸಿಕ್ಕಿತು. ಮುಂದಕ್ಕೆ ಕೇಳುವ ಧೈರ್ಯವಾಗದೆ ನಿಲ್ಲಿಸಿದಳು.

*

ಬಸವೇಶ್ವರನಗರದ ನಡುಮನೆ. ತಲೆಯ ಮೇಲೆ ಅದೇ ಫ್ಯಾನು. ಆಸ್ಪತ್ರೆಯಿಂದ ಮರಳಿದ್ದ ಕಲ್ಯಾಣಮ್ಮ ಕತ್ತಿಗೆ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕೂತಿದ್ದರು. ಅನಘಾ ಲ್ಯಾಪ್‌ಟಾಪ್ ತೆರೆದಳು.

“ಚಪ್ಪಾಳೆ ಇಲ್ಲ, ಉದ್ದ ಜಾಸ್ತಿ, ಅಂದ್ರೆ ಇದು ಆಮೇಲೆ ಮಾಡಿದ್ದು. ಫ್ಯಾನು ಈ ಮನೇದು. ‘ಮಾತಾಡು’ ಅಂದಿರೋರು ನೀವು. ಯಾಕೆ ಅಪ್ಪಾಜಿ ಸುಳ್ಳು ಹೇಳಿದ್ರಿ?”

ರೇವಣಸಿದ್ದಪ್ಪ ತಲೆ ತಗ್ಗಿಸಿದರು.

“ನೀನು ಫೋನ್ ಮಾಡಿದಾಗ್ಲೇ ಏನೋ ತಪ್ಪಾಗಿದೆ ಅಂತ ಹೆದರಿ ಹಾಗಂದೆ. ಕಛೇರಿ ಎಲ್ಲರಿಗೂ ಇರುತ್ತೆ. ಇವಳು ಮನೇಲಿ ಮಾತಾಡೋದು ನಂಗೆ ಬೇಕಿತ್ತಮ್ಮ. ಕ್ಯಾಸೆಟ್ ತರಹ ಆ ಮಗ್ಗುಲಲ್ಲಿ ಹಾಡು, ಈ ಮಗ್ಗುಲು ಖಾಲಿ ಅಂದ್ಕೊಂಡೆ. ‘1’ ಅಂತ ಬರೆದಿದ್ದ ಗುಂಡಿ ಒತ್ತಿದೆ, ಕೆಂಪು ದೀಪ ಹತ್ತಿತು. ಆಸ್ಪತ್ರೆ ಚಿಂತೇಲಿ ನಿಲ್ಲಿಸೋದೂ ಮರೆತೆ, ಬ್ಯಾಟರಿ ಮುಗಿದು ತಾನೇ ನಿಂತಿರ್ಬೇಕು.”

ಅನಘಾಗೆ ಸಿಟ್ಟು ಬಂತು. ಆ ಸಿಟ್ಟನ್ನು ಯಾರ ಮೇಲೆ ತೀರಿಸುವುದು? ಹುಡುಕಿ ಹುಡುಕಿ ಕಳ್ಳನನ್ನು ಹಿಡಿದಿದ್ದಳು. ಕಳೆದದ್ದು ಸಿಗುವಂತಿರಲಿಲ್ಲ.

“ಕಛೇರಿ ಹೋಯ್ತಮ್ಮ,” ಎಂದಳು. “ನನ್ನಿಂದ ಏನೂ ಮಾಡಕ್ಕಾಗಲ್ಲ.”

ಕಲ್ಯಾಣಮ್ಮ ಬಹಳ ಹೊತ್ತು ಗಂಡನನ್ನೇ ನೋಡಿದರು. ಆಮೇಲೆ ಸ್ಲೇಟಿನ ಮೇಲೆ ಬರೆದರು: ಹಾಕು, ಕೇಳೋಣ.

ಟಕ್. ಟಕ್. “ಹೂಂ, ಮಾತಾಡು. ಏನಾದ್ರೂ ಸರಿ.” ಮತ್ತೆ ಟಕ್, ಟಕ್. ಕೊನೆಗೆ, ನಲವತ್ತು ವರ್ಷ ಹಾಡಿ ಪಳಗಿದ ಆ ದನಿ:

“ಸಾಕು ಬಿಡ್ರೀ. ಸಾರು ಆರ್ತಾ ಇದೆ, ಊಟಕ್ಕೆ ಬನ್ನಿ.”

“ಬಂದೆ ಕಣೇ,” ಎನ್ನುತ್ತ ರೇವಣಸಿದ್ದಪ್ಪ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಿದ್ದರು. ಕಲ್ಯಾಣಮ್ಮ ಕೈ ಚಾಚಿ ಅವರನ್ನು ಹಿಡಿದು ಕೂರಿಸಿದರು.