ಕೆನ್ನೆಗೆ ಒತ್ತಿ ನೋಡಿದ ಕಪ್

ತಣ್ಣಗಿದೆಯೋ, ಅಥವಾ ತನ್ನ ಕೆನ್ನೆಯೇ ಕಾದಿದೆಯೋ? ಇನ್ನೊಂದು ಸಲ ಒತ್ತಿದರೆ ಗೊತ್ತಾಗಬಹುದು. ಆದರೆ ಒತ್ತಿದರೆ ಅವಳು ನೋಡುತ್ತಾಳೆ. ನೋಡಿದರೆ ನಗುತ್ತಾಳೆ. ನಕ್ಕರೆ ತನಗೆ ಮಾತು ಹೊರಡುವುದಿಲ್ಲ. ಈಗೇನು ಮಹಾ ಹೊರಡುತ್ತಿದೆ?

ಹೀಗೆ ತನ್ನೊಳಗೇ ಜಗಳವಾಡಿಕೊಳ್ಳುತ್ತ ಅವನು ಭಟ್ಟಿಯ ಮುಂದೆ ಕಪ್ ಹಿಡಿದು ನಿಂತಿದ್ದ. ಅವನೇ ಮಾಡಿದ, ಇನ್ನೂ ಸುಡದ ಮಣ್ಣಿನ ಕಪ್. ನಾಲ್ಕು ಗುರುವಾರ ಚಕ್ರದ ಮುಂದೆ ಕೂತು, ಮೈಕೈಗೆಲ್ಲ ಮಣ್ಣು ಮೆತ್ತಿಕೊಂಡು, ಕೊನೆಗೂ ಕಪ್ ಅನ್ನಿಸಿಕೊಂಡದ್ದು ಇದೊಂದೇ. ತಳ ಮಾತ್ರ ಹೆಬ್ಬೆರಳಿನಷ್ಟು ದಪ್ಪ.

"ಕಪ್ ಮಾಡಿದೀರೋ, ಬಾಗಿಲಿಗೆ ಅಡ್ಡ ಇಡೋ ಕಲ್ಲು ಮಾಡಿದೀರೋ?" ಎಂದು ಅವಳ ಸೋದರತ್ತೆ ಕೆಫೆಯ ಕಿಟಕಿಯಿಂದಲೇ ಕೇಳಿದ್ದರು.

ಮನೆಮಂದಿಯೇ ನಡೆಸುವ ಜಾಗ ಅದು. ಹಿಂದೆ ಭಟ್ಟಿ, ನಡುವೆ ಚಕ್ರಗಳಿರುವ ಉದ್ದನೆಯ ಕೋಣೆ, ಬೀದಿಯ ಕಡೆಗೆ ಐದು ಮೇಜಿನ ಕೆಫೆ. ಅವಳ ಅಪ್ಪ ಮಣ್ಣು ಹದ ಮಾಡುತ್ತಾರೆ, ಭಟ್ಟಿ ನೋಡಿಕೊಳ್ಳುತ್ತಾರೆ. ಮಗಳು ಚಕ್ರಕ್ಕೆ ಕೂರುತ್ತಾಳೆ. ಅಪ್ಪನ ಅಕ್ಕ ಕೆಫೆಯ ಯಜಮಾನಿ. ಕಾಫಿಯ ಜೊತೆ ಚುಚ್ಚುಮಾತು ಅವರ ಕಡೆಯಿಂದ ಪುಕ್ಕಟೆ.

ಅವನದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ಅವಳ ಅಪ್ಪನ ಹೊಸ ಕನ್ನಡಕ ಕೊಟ್ಟುಹೋಗಲು ಒಂದು ಗುರುವಾರ, ಅಂಗಡಿಯ ರಜೆಯ ದಿನ, ಇಲ್ಲಿಗೆ ಬಂದಿದ್ದ. ಒಂದು ಕಾಫಿ ಕುಡಿದು ಹೋಗಿ ಎಂದರು. ಅದಾಗಿ ವರ್ಷವಾಯಿತು. "ಆ ಕಾಫಿ ಇನ್ನೂ ಮುಗಿದಿಲ್ಲ ನೋಡಿ ಪಾಪ," ಎನ್ನುತ್ತಾರೆ ಅತ್ತೆ.

ಅಂಗಡಿಯ ಮೇಲಿನ ಕೋಣೆಯಲ್ಲಿ ಅವನದು ಒಂಟಿ ವಾಸ. ದಿನವಿಡೀ ಜನರ ಮುಖಕ್ಕೆ ಮುಖ ಕೊಟ್ಟು, ಕಣ್ಣೊಳಗೆ ಇಣುಕುವ ಕೆಲಸ. ಶಟರ್ ಎಳೆದ ಮೇಲೆ ಅವನ ಮುಖ ನೋಡುವವರಿಲ್ಲ. ಎಷ್ಟೋ ದಿನ ಅವನು ಆಡಿದ ಕೊನೆಯ ಮಾತು "ಕೆಳಗಿನ ಸಾಲು ಓದಿ" ಎಂಬುದೇ ಆಗಿರುತ್ತಿತ್ತು.

"ಏನ್ರೀ ಕನ್ನಡಕದವರೇ, ಕಪ್‌ಗೆ ಮುದ್ದು ಮಾಡ್ತಾ ಇದೀರಾ?"

ಅವಳು ಬಂದದ್ದು ಗೊತ್ತೇ ಆಗಿರಲಿಲ್ಲ. ಮೊಣಕೈವರೆಗೆ ಒಣಗಿದ ಮಣ್ಣು, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್.

"ಒಣಗಿದೆಯಾ ಅಂತ..."

"ನಾನು ಮಾಡೋ ಹಾಗೆ ಮಾಡ್ತಿದ್ರಿ. ಕಳ್ಳ! ಕೊಡಿ ಇಲ್ಲಿ."

ಬೇರೆಯವರು ಮಣ್ಣನ್ನು ಎರಡು ಸಲ ಸುಡುತ್ತಾರೆ. ಮೊದಲು ಬರೀ ಮಣ್ಣು, ಆಮೇಲೆ ಗಾಜಿನಂಥ ಹೊಳಪು ಕೊಡುವ ಗ್ಲೇಜ್ ಬಳಿದು ಇನ್ನೊಮ್ಮೆ. ಈ ಮನೆಯಲ್ಲಿ ಅಜ್ಜನ ಕಾಲದಿಂದ ಒಂದೇ ಸಲ. ಹಸಿ ಮಣ್ಣಿಗೇ ಗ್ಲೇಜ್ ಬಳಿದು, ಪೂರ್ತಿ ಒಣಗಿಸಿ, ನೇರ ಭಟ್ಟಿಗೆ. ಒಳಗೆ ತೇವ ಉಳಿದ ಒಂದು ಕಪ್ ಸಾಕು. ಅದು ಸಿಡಿಯುತ್ತದೆ, ಚೂರುಗಳು ಅಕ್ಕಪಕ್ಕದವಕ್ಕೂ ಅಂಟಿ, ಕರಗಿದ ಗ್ಲೇಜಿನಲ್ಲಿ ಹೂತುಹೋಗುತ್ತವೆ. ಅದಕ್ಕೇ ಭಟ್ಟಿಗೆ ಹೋಗುವ ಪ್ರತಿಯೊಂದರ ತಳವನ್ನೂ ಅವಳು ಕೆನ್ನೆಗೆ ಒತ್ತಿ ನೋಡುತ್ತಾಳೆ. ತಣ್ಣಗಿದ್ದರೆ ಒಳಗೆ ಇನ್ನೂ ತೇವ; ಅದು ಹೊರಗೆ.

ಅವಳು ಕಣ್ಣು ಮುಚ್ಚಿದಳು. ಅವನ ಕಪ್ಪಿನ ತಳ ಅವಳ ಕೆನ್ನೆಗೆ ತಾಗಿತು. ಬೇರೆಯವಕ್ಕೆ ಒಂದು ಕ್ಷಣ ಸಾಕಾಗುತ್ತಿತ್ತು. ಇದನ್ನು ಅವಳು ಬೇಗ ತೆಗೆಯಲಿಲ್ಲ. ರೆಪ್ಪೆಗಳು ಅಲುಗುವುದನ್ನು ಅವನು ನೋಡಿದ. ನೋಡಬಾರದಿತ್ತು ಅನ್ನಿಸಿ ಭಟ್ಟಿಯ ಇಟ್ಟಿಗೆಗಳನ್ನು ನೋಡತೊಡಗಿದ.

"ಒಣಗಿದೆ," ಎಂದಳು.

ತನಗೆ ತಣ್ಣಗೆ ತಾಗಿತ್ತಲ್ಲ? ಹೇಳಬೇಕು ಅಂದುಕೊಂಡ. ಭಟ್ಟಿಯ ನಡುವಿನ ಹಲಗೆಯ ಮೇಲೆ ಅವಳ ಹತ್ತು ಕಪ್‌ಗಳು ಸಾಲಾಗಿ ಕೂತಿದ್ದವು. ದೂರದ ಊರಿನ ದೊಡ್ಡ ಕಾರ್ಖಾನೆಯೊಂದು ಅವಳನ್ನು ಎರಡು ವರ್ಷದ ಕೆಲಸಕ್ಕೆ ಕರೆದಿತ್ತು. ಸೋಮವಾರ ಹತ್ತು ಕಪ್ ತಂದು ತೋರಿಸಿ, ಹಿಡಿಸಿದರೆ ಅಲ್ಲೇ ಇದ್ದುಬಿಡಿ ಎಂದಿತ್ತು. ಈ ವಾರ ಬಿಟ್ಟರೆ ಭಟ್ಟಿ ಹತ್ತಿಸುವುದು ಇನ್ನೊಂದು ತಿಂಗಳಿಗೆ. ಅಷ್ಟರಲ್ಲಿ ಅವಳು ಹೋಗಿರುತ್ತಾಳೆ. ತನ್ನ ಕೈಯಾರೆ ಮಾಡಿದ ಕಪ್ ಅವಳ ಸಾಮಾನಿನ ಜೊತೆ ಹೋಗಲಿ ಎಂಬುದೊಂದೇ ಅವನ ಆಸೆ. ಒಂದೇ ಎಂದು ಅವನು ತನಗೆ ಹೇಳಿಕೊಂಡಿದ್ದ.

ಅವಳು ಅವನ ಕಪ್ಪನ್ನು ತನ್ನವುಗಳ ನಡುವೆ ಇಟ್ಟಳು. ಅವನು ಬಾಯಿ ಬಿಡಲಿಲ್ಲ.

ಶನಿವಾರ ಮಧ್ಯಾಹ್ನ ಭಟ್ಟಿ ತೆರೆದರು. ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಬಂದಿದ್ದ ಅವನಿಗೆ ಒಳಗೆ ಕಾಲಿಡುವಾಗಲೇ ಗೊತ್ತಾಯಿತು. ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಕೂಡ.

ಅವನ ಕಪ್ ಇದ್ದ ಜಾಗದಲ್ಲಿ ಒಂದು ಹಿಡಿ ಚೂರು. ಸುತ್ತಲಿನ ಆರು ಕಪ್‌ಗಳ ತಿಳಿನೀಲಿ ಮೈತುಂಬ ಮಣ್ಣಿನ ಹರಳು. ದೂರದ ತುದಿಯಲ್ಲಿದ್ದ ನಾಲ್ಕು ಮಾತ್ರ ಉಳಿದಿದ್ದವು.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಯಾರು ನೋಡಿ ಹಾಕಿದ್ದು?"

"ನಾನೇ ಅಪ್ಪ."

"ನೀನಾ? ಹನ್ನೆರಡು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ ನೀನು."

"ತಪ್ಪಿದೆ ಈ ಸಲ. ಬಿಡಿ."

ಅಪ್ಪ ಮಗಳ ಮುಖ ನೋಡಿದರು. ಆಮೇಲೆ ಅವನ ಮುಖ. ಮತ್ತೇನೂ ಕೇಳದೆ ಚೂರುಗಳನ್ನು ಬುಟ್ಟಿಗೆ ತುಂಬತೊಡಗಿದರು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೆಫೆಯಲ್ಲಿ ಗಿರಾಕಿಗಳಿರಲಿಲ್ಲ. ಅವಳು ನಾಲ್ಕು ಕಪ್‌ಗಳನ್ನು ಮೇಜಿನ ಮೇಲೆ ಜೋಡಿಸಿ ಎದುರು ಕೂತಳು. ಅತ್ತೆ ಎರಡು ಕಾಫಿ ತಂದಿಟ್ಟರು. "ಇಬ್ಬರ ಮುಖಾನೂ ನೋಡಕ್ಕಾಗ್ತಿಲ್ಲ. ನಾನು ಒಳಗೆ ಪಾತ್ರೆ ತೊಳೀತೀನಿ. ಜೋರಾಗಿ ತೊಳೀತೀನಿ, ನನಗೇನೂ ಕೇಳ್ಸಲ್ಲ," ಎಂದು ಹೋದರು. ಒಳಗಿಂದ ಪಾತ್ರೆಯ ಸದ್ದು ಮಾತ್ರ ಬರಲಿಲ್ಲ.

"ತಣ್ಣಗಿತ್ತು," ಎಂದ ಅವನು. ಹೇಗೆ ಹೇಳಿದನೋ. "ನನಗೆ ಗೊತ್ತಿತ್ತು. ಹೇಳಲಿಲ್ಲ. ತಪ್ಪಾಯ್ತು."

"ಯಾಕೆ ಹೇಳಲಿಲ್ಲ?"

ಅವನು ಕಾಫಿ ಕಪ್ಪಿನ ಹಿಡಿಯನ್ನು ಆಚೆ ತಿರುಗಿಸಿದ, ಈಚೆ ತಿರುಗಿಸಿದ. ಸಿಡಿಯಲಿ ಎಂದು ಬಯಸಿರಲಿಲ್ಲ. ಆದರೆ ಸಿಡಿಯದಿರಲಿ ಎಂದೂ ಎರಡು ದಿನದಲ್ಲಿ ಒಮ್ಮೆಯಾದರೂ ಬಯಸಿದ್ದನೇ? ಅದು ನೆನಪಾದರೆ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

"ನನ್ನ ಕೆನ್ನೆ ಸರಿಯಿಲ್ಲ ಅಂದ್ಕೊಂಡೆ."

ಅವಳು ನಕ್ಕಳು. ಕಣ್ಣು ಒದ್ದೆಯಾಗಿದ್ದರೂ ನಕ್ಕಳು. "ಸರಿಯಾಗೇ ಇದೆ ನಿಮ್ಮ ಕೆನ್ನೆ. ನನಗೂ ತಣ್ಣಗೇ ತಾಗಿತ್ತು."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಇಷ್ಟು ಹತ್ತಿರದಿಂದ ಸಾವಿರ ಕಣ್ಣು ನೋಡಿದವನು ಅವನು. ಈ ಎರಡನ್ನು ನೋಡಲಾಗದೆ ಸೋತ.

"ಯಾಕೆ ಹಾಕಿದೆ ಅಂತ ಕೇಳಲ್ವಾ?"

ಅವನು ಕೇಳಲಿಲ್ಲ. ಬೆಪ್ಪನಲ್ಲ ಅವನು, ಅರ್ಥವಾಗಿತ್ತು.

ಅವಳು ಫೋನ್ ತೆಗೆದು ಮೇಜಿನ ಮೇಲಿಟ್ಟಳು. "ಅವರು ಕೇಳಿದ್ದು ಹತ್ತು. ಇರೋದು ನಾಲ್ಕು. ಫೋನ್ ಮಾಡಿ, ನಾಲ್ಕೇ ತರ್ತೀನಿ, ನಡೆಯುತ್ತಾ ಅಂತ ಕೇಳಬಹುದು. ಇಲ್ಲಾಂದ್ರೆ ಸುಮ್ನಿರಬಹುದು. ನಾನು ಸುಮ್ನಿದ್ರೆ ಅವರೂ ಸುಮ್ನಾಗ್ತಾರೆ. ನೀವು ಹೇಳಿ. ಏನು ಮಾಡ್ಲಿ?"

ಒಳಗೆ ಅತ್ತೆ ಉಸಿರು ಬಿಗಿಹಿಡಿದಿರಬೇಕು.

ಅವನು ಒಂದು ಕಪ್ ಎತ್ತಿ ಬೆಳಕಿಗೆ ಹಿಡಿದ. ತುಟಿಯಂಚಿನಲ್ಲಿ ನೀಲಿ ತೆಳುವಾಗಿ ಹಾಲಿನ ಬಣ್ಣಕ್ಕೆ ತಿರುಗಿತ್ತು. ಹನ್ನೆರಡು ವರ್ಷದ ಕೈ ಅದು. ಒಮ್ಮೆ ಸುಮ್ಮನಿದ್ದು ಆ ಕೈಯ ಆರು ಕಪ್‌ಗಳನ್ನು ಹಾಳು ಮಾಡಿದ್ದೇನೆ. ಈಗ ಬಾಯಿ ಬಿಟ್ಟು ಉಳಿದದ್ದನ್ನೂ ಹಾಳು ಮಾಡಲೇ?

"ಮಾಡಿ," ಎಂದ. "ನಾಲ್ಕು ನೋಡಿದ್ರೂ ಕೈ ಎಂಥದ್ದು ಅಂತ ಗೊತ್ತಾಗುತ್ತೆ."

"ಅಷ್ಟೇನಾ?"

"ಅಷ್ಟೇ."

ಅವಳು ಅವನ ಎದುರಿಗೇ ಫೋನ್ ಮಾಡಿದಳು. ಹೌದು ಸರ್, ನಾಲ್ಕೇ. ಹೂಂ ಸರ್. ಸೋಮವಾರ. ಬರ್ತೀನಿ ಸರ್. ದನಿ ಒಂದೇ ಸಮನಾಗಿತ್ತು.

ಅತ್ತೆ ಹೊರಗೆ ಬಂದು ಎರಡೂ ಕಾಫಿ ಎತ್ತಿಕೊಂಡರು. ಒಂದನ್ನೂ ಯಾರೂ ಕುಡಿದಿರಲಿಲ್ಲ. ವರ್ಷದಲ್ಲಿ ಮೊದಲ ಸಲ ಅವರು ಅವನಿಗೆ ಏನೂ ಅನ್ನಲಿಲ್ಲ.

ಭಾನುವಾರ ಅವನು ಅಂಗಡಿಯಿಂದ ದಪ್ಪ ಸ್ಪಂಜು ತಂದು ನಾಲ್ಕೂ ಕಪ್‌ಗಳನ್ನು ತಾನೇ ಸುತ್ತಿ ಪೆಟ್ಟಿಗೆಗೆ ಹಾಕಿದ. ಅಲುಗಾಡಿಸಿ ನೋಡಿದ; ಸದ್ದಿಲ್ಲ. ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅವಳು ಕಿಟಕಿಯ ಪಕ್ಕ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಜು ಸರಿಸಿದಳು. "ಇನ್ನೂ ಐದು ನಿಮಿಷ ಇದೆ," ಎಂದಳು.

ಅವನು ಆ ಐದು ನಿಮಿಷವೂ ಕಿಟಕಿಯ ಕೆಳಗೆ ನಿಂತಿದ್ದ. ನೀರಿನ ಬಾಟಲಿ ಇದೆಯಾ ಎಂದು ಕೇಳಿದ. ತಲುಪಿದ ಮೇಲೆ ಅಪ್ಪನಿಗೆ ಫೋನ್ ಮಾಡಿ ಎಂದ. ಹೋಗಬೇಡಿ ಎಂದು ಮಾತ್ರ ಹೇಳಲಿಲ್ಲ.