ಮೌನಜ್ಜನ ಚೆಂಬು

"ಚೆಂಬು ಹೋಯ್ತು ಬೋಜಕ್ಕಾ, ಮೌನಜ್ಜನ ಚೆಂಬು!"

ಬೆಳಿಗ್ಗೆ ಫೋನು ಬಂತೆಂದು ಮಡಿಕೇರಿಯಿಂದ ಹೊರಟ ನಾವು ಬಸ್ಸಿಳಿದು ಮಠದ ಮೆಟ್ಟಿಲು ಹತ್ತುತ್ತಿದ್ದಾಗಲೇ ಶೋಭಿತಾ ಅಳುತ್ತ ಓಡಿಬಂದಳು. ಮಡಿಕೇರಿಯಲ್ಲಿ ಯಾರ ಮನೆಯಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಬೋಜಮ್ಮನಿಗೆ ಫೋನು ಹೋಗುತ್ತದೆ. ಪ್ರತಿ ಪತ್ತೆಕಾರ್ಯದಲ್ಲೂ ಅವರ ಜೊತೆಗಿರುವವಳು ನಾನು, ಯಮುನಾ. ಆದರೆ ಹೋದ ವರ್ಷದ ಯಾತ್ರೆಯಲ್ಲಿ ಪರಿಚಯವಾದ ಈ ಹುಡುಗಿಯ ಜೊತೆ ಬೋಜಮ್ಮ ದಿನಾ ಫೋನಿನಲ್ಲಿ ನಗುತ್ತಿದ್ದರು. ನನ್ನ ಜೊತೆ ಅಷ್ಟು ನಕ್ಕಿದ್ದು ನೆನಪಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವಳು. ಆ ಕಡಂಬುಟ್ಟಿನ ಡಬ್ಬಿ ಕೊಡು, ಯಮುನಾ. ಎರಡು ಅಕ್ಕಿ ಉಂಡೆ ತಿನ್ಲಿ," ಎಂದರು ಬೋಜಮ್ಮ.

"ಬಸ್ಸಲ್ಲೇ ಬಿಟ್ಟೆ ಅನ್ಸುತ್ತೆ," ಎಂದೆ.

ಕರಿಕೆಯ ದಾರಿಯ ಈ ಪುಟ್ಟ ಪೇಟೆ ಬೆಳೆದದ್ದೇ ಮೌನಜ್ಜನಿಂದ. ಬದುಕಿದ್ದಷ್ಟು ಕಾಲ ಅಜ್ಜ ಮಾತಾಡದೆ ಬಂದವರಿಗೆಲ್ಲ ಒಂದು ತಾಮ್ರದ ಚೆಂಬಿನಿಂದ ನೀರು ಕೊಟ್ಟರಂತೆ. ಅವರ ಕೈ ತಾಗಿದ್ದೆಂದು ಆಮೇಲೆ ಯಾರೂ ಅದನ್ನು ಬೆಳಗಿಲ್ಲ. ಕಪ್ಪಗಾಗಿದ್ದ ಆ ಚೆಂಬನ್ನು ಬಾಳೆಲೆಯ ಮೇಲಲ್ಲದೆ ಬರಿ ನೆಲಕ್ಕೆ ಇಡುವುದೂ ಇಲ್ಲ. ಯಾತ್ರಿಕರಿಗೆ ಅದರಿಂದ ನೀರು ಹಾಕುವ ಸೇವೆ ಮೊದಲು ವಿಮಲಮ್ಮನದಾಗಿತ್ತು. ಈಗ ಶೋಭಿತಾಳದು.

"ಸಂಜೆ ಪೂಜೆ ಒಳಗೆ ಸಿಗದಿದ್ರೆ ಇವಳನ್ನ ಇಲ್ಲಿ ಇಟ್ಕೊಳ್ಳಕ್ಕಾಗಲ್ಲ. ಟ್ರಸ್ಟಿನವ್ರು ಹೇಳಿ ಆಯ್ತು," ಎಂದರು ಮಠದ ಮ್ಯಾನೇಜರ್ ಕುಶಾಲಪ್ಪ. "ಬ್ಯಾಗೆಲ್ಲ ಗೇಟಲ್ಲೇ ಬಿಡ್ಬೇಕು. ಹೊರಗೆ ಹೋದವರ ಕೈಲಿ ಏನೂ ಇರ್ಲಿಲ್ಲ."

"ಹಾಗಾದ್ರೆ ಒಳಗೇ ಇದೆ," ಎಂದರು ಬೋಜಮ್ಮ.

ಶೋಭಿತಾಳೇ ಬಚ್ಚಿಟ್ಟಿರಬೇಕು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದೆ. ಹಾಗಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಬಾವಿ, ಉಗ್ರಾಣ, ಶೋಭಿತಾಳ ಕೋಣೆ ಎಲ್ಲ ನೋಡಿ ಅಡುಗೆಮನೆಗೆ ಬಂದೆವು. ಈಗ ಅಲ್ಲಿಯ ಉಸ್ತುವಾರಿ ವಿಮಲಮ್ಮನದು. ದೊಡ್ಡ ಗ್ಯಾಸ್ ಒಲೆಗಳ ಮೇಲೆ ಸಾರು ಕುದಿಯುತ್ತಿತ್ತು. ಗೋಡೆಯ ಬದಿ ಊಟಕ್ಕೆ ನೀರು ಬಡಿಸುವ ತಾಮ್ರದ ಚೆಂಬುಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ಕೊನೆಯದರ ಅಡಿಯಲ್ಲಿ ಬಾಳೆಲೆಯ ಚೂರೊಂದು ಸಿಕ್ಕಿಕೊಂಡಿತ್ತು.

"ನಂಗೆ ಏನೂ ಗೊತ್ತಿಲ್ಲೆ," ಎಂದರು ವಿಮಲಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತ. ಉಗುರುಗಳ ಸಂದಿಯಲ್ಲಿ ಮಸಿಯಂಥ ಕಪ್ಪು ಇತ್ತು.

ಊಟದ ನಂತರ ಬೋಜಮ್ಮ ಎಲ್ಲರನ್ನೂ ಪಂಕ್ತಿಯ ಹಾಲಿನಲ್ಲಿ ಕೂರಿಸಿದರು.

"ನೀವೆಲ್ಲ ಕಪ್ಪು ಚೆಂಬು ಹುಡುಕಿದ್ರಿ. ಅದನ್ನ ಉಜ್ಜಿದ್ರೆ? ಅಡುಗೆಯ ಹುಳಿ, ಆ ಕಾಚಂಪುಳಿ ಹಾಕಿ ತಿಕ್ಕಿದ್ರೆ ಎಂಥ ತಾಮ್ರವೂ ಹೊಸದಾಗುತ್ತೆ. ಹೊಳೆಯೋ ಚೆಂಬುಗಳ ನಡುವೆ ಇಟ್ರೆ ಯಾರಿಗೂ ಕಾಣಲ್ಲ. ಆದ್ರೆ ಮಿಕ್ಕವೆಲ್ಲ ಬರಿ ನೆಲದ ಮೇಲಿದ್ವು, ಒಂದಕ್ಕೆ ಮಾತ್ರ ಬಾಳೆಲೆ. ಕದ್ದವರಿಗೂ ಅಜ್ಜನ ಚೆಂಬನ್ನ ನೆಲಕ್ಕಿಡೋ ಧೈರ್ಯ ಬರ್ಲಿಲ್ಲ. ಇನ್ನು ಗ್ಯಾಸಿನ ಅಡುಗೆಮನೇಲಿ ಉಗುರಿಗೆ ಕಪ್ಪು ಎಲ್ಲಿಂದ ಬಂತು, ವಿಮಲಮ್ಮ?"

ವಿಮಲಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನನ್ನ ಕೈಯಿಂದ ನೀರು ಕುಡಿದವ್ರೆಲ್ಲ ಈಗ ಅವಳ ಮುಂದೆ ಕೈಯೊಡ್ಡಿ ನಿಲ್ತಾರೆ. ನನ್ನ ಮುಖ ಸಹ ನೋಡಲ್ಲ. ಹೊಟ್ಟೆ ಉರೀತು. ಅವಳು ಹೋದ್ರೆ ಸಾಕಿತ್ತು." ಬೋಜಮ್ಮ ತಂದಿಟ್ಟ ಚೆಂಬನ್ನು ನೋಡಿ ಬಿಕ್ಕಿದರು. "ಅಜ್ಜನ ಕೈ ತಾಗಿದ್ದನ್ನ ನಾನೇ ಉಜ್ಜಿ ತೆಗೆದ್ಬಿಟ್ಟೆ."

ಕುಶಾಲಪ್ಪ ಬಾಗಿಲ ಕಡೆ ಕೈ ತೋರಿಸಿದರು. ಶೋಭಿತಾ ಅಡ್ಡ ಬಂದಳು.

"ಬೇಡ ಸಾರ್. ಅವ್ರು ಇಲ್ಲೇ ಇರ್ಲಿ."

ಅವಳ ಆ ಒಳ್ಳೆಯತನವೂ ನನಗೆ ಹಿಡಿಸಲಿಲ್ಲ.

"ಎಲ್ಲೋ ಎಸೆದಿರ್ಬಹುದು ಅಂತ ನಿಮಗೆ ಅನ್ನಿಸ್ಲಿಲ್ವಾ?" ಎಂದು ಕುಶಾಲಪ್ಪ ಬೋಜಮ್ಮನನ್ನು ಕೇಳಿದರು.

"ಹೊಟ್ಟೆಕಿಚ್ಚಿನವ್ರು ಎಸೆಯಲ್ಲ. ಇನ್ನೊಬ್ಬರಿಗೆ ಸಿಗಬಾರ್ದು ಅಂತ ಬಚ್ಚಿಡ್ತಾರೆ, ಅಷ್ಟೇ." ಬೋಜಮ್ಮ ನನ್ನ ಕಡೆ ತಿರುಗಿದರು. "ಡಬ್ಬಿ ತೆಗಿ, ಯಮುನಾ. ಗೇಟಲ್ಲಿ ಚೀಲ ಬಿಡುವಾಗ ಸೆರಗಿನೊಳಗೆ ಸೇರಿಸಿದ್ದನ್ನ ನೋಡಿದೆ. ನಿನ್ನನ್ನ ನೋಡಿಯೇ ಈ ಕೇಸು ಬಿಡಿಸಿದ್ದು."

ಹಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ವಿಮಲಮ್ಮನೂ ನೋಡಿದರು.

ಸಂಜೆಯ ಪೂಜೆಗೆ ಶೋಭಿತಾ ಹೊಳೆಯುವ ಚೆಂಬಿನಿಂದ ಮೊದಲು ವಿಮಲಮ್ಮನಿಗೆ, ಆಮೇಲೆ ನನಗೆ ನೀರು ಹಾಕಿದಳು. ನಾನು ಕೈಯೊಡ್ಡಿ ಕುಡಿದೆ. ಡಬ್ಬಿಯನ್ನು ಮಾತ್ರ ಬೋಜಮ್ಮನ ಕೈಗೇ ಕೊಟ್ಟೆ, ಅವಳ ಕೈಗಲ್ಲ.