ಮೂರು ಶನಿವಾರದ ಸುಳ್ಳು

“ನೀವು ಕೊಟ್ಟದ್ದು ಮೀನಲ್ಲ, ರೌಡಿ!”

ಸಂಚಿತಾ ಗಾಜಿನ ಬಾಟಲಿಯನ್ನು ಕೌಂಟರಿನ ಮೇಲಿಟ್ಟಳು. ಒಳಗೆ ಮೂರು ಗಪ್ಪಿ ಮೀನುಗಳು. ಬೀಸಣಿಗೆಯಂತಿದ್ದ ಬಾಲಗಳು ಚಿಂದಿಯಾಗಿದ್ದವು. ಬೋಳಾರದ ಆ ಪುಟ್ಟ ಅಕ್ವೇರಿಯಂ ಅಂಗಡಿಯ ಮಾಲೀಕ ಯತಿನ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.

“ಮೊನ್ನೆ ನೀವು ಕೊಂಡುಹೋದ ಪಫರ್ ಮೀನು ಕಚ್ಚಿದ್ದು. ಅದನ್ನು ಗಪ್ಪಿಯ ಜೊತೆ ಹಾಕ್ಲಿಕ್ಕೇ ಇಲ್ಲ ಮೇಡಂ. ಇರುವುದು ಉಗುರಿನಷ್ಟು, ಆದ್ರೆ ಇಡೀ ಟ್ಯಾಂಕ್ ತನ್ನದೇ ಅಂತ ಅದರ ಲೆಕ್ಕ. ಉದ್ದ ಬಾಲ ಕಂಡ್ರೆ ಬಿಡುವುದಿಲ್ಲ.”

“ಅದನ್ನು ಮೊನ್ನೆಯೇ ಹೇಳ್ಬೇಕಿತ್ತಲ್ಲ?”

“ಬೇರೆ ಯಾರಾದ್ರೂ ಇದ್ದಾರಾ ಅಂತ ಕೇಳಿದ್ದೆ. ಯಾರೂ ಇಲ್ಲ ಅಂದ್ರಿ.”

“ಅದು...” ಅವಳು ತಡೆದಳು. “ಮನೆಯಲ್ಲಿ ಅಂತ ಕೇಳಿದ್ದು ಅಂದ್ಕೊಂಡೆ.”

ಯತಿನ್‌ನ ಕಿವಿ ಕೆಂಪಾಯಿತು. “ಗಪ್ಪಿಗಳು ಇಲ್ಲೇ ಇರಲಿ. ಬಾಲ ಪುನಃ ಬೆಳೀತದೆ” ಎಂದ ಮೆಲ್ಲಗೆ.

ಸಂಚಿತಾಳಿಗೆ ಮೂವತ್ತಮೂರು. ಒಂದು ಕ್ಲಿನಿಕ್ಕಿನಲ್ಲಿ ಶ್ರವಣ ಪರೀಕ್ಷೆ ಮಾಡುವ ಕೆಲಸ. ದಿನವಿಡೀ ಒಬ್ಬೊಬ್ಬರ ಕಿವಿಗೂ ಹೆಡ್‌ಫೋನ್ ಹಾಕಿ “ಈಗ ಕೇಳಿಸ್ತದಾ?” ಎಂದು ವಿಚಾರಿಸಿ, ಸಂಜೆ ಮಣ್ಣಗುಡ್ಡದ ಬಾಡಿಗೆ ಫ್ಲ್ಯಾಟಿಗೆ ಮರಳಿದರೆ ಅವಳನ್ನು ಏನಾದರೂ ಕೇಳುವವರು ಯಾರೂ ಇರಲಿಲ್ಲ. ನಾಲ್ಕು ವರ್ಷದ ದಾಂಪತ್ಯ ಮುಗಿಸಿ ಅಣ್ಣನ ಮನೆಗೆ ಬಂದಾಗ ಅತ್ತಿಗೆ ಚೆನ್ನಾಗಿಯೇ ನೋಡಿಕೊಂಡಿದ್ದಳು, ನೆಂಟರನ್ನು ನೋಡಿಕೊಳ್ಳುವ ಹಾಗೆ. ಅದಕ್ಕೇ ಬೇರೆ ಮನೆ ಮಾಡಿದ್ದಳು.

ಪಫರ್‌ಗೆ ಬಸವನಹುಳು ಬೇಕಿತ್ತು. ಒಣ ಆಹಾರವನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಯತಿನ್ ಅಂಗಡಿಯ ಹಿಂದೆ ತೊಟ್ಟಿಯಲ್ಲಿ ಸಣ್ಣ ಬಸವನಹುಳು ಸಾಕಿದ್ದ. ಪ್ರತಿ ಶನಿವಾರ ಮಧ್ಯಾಹ್ನ ಅವಳು ಅದಕ್ಕಾಗಿ ಬರತೊಡಗಿದಳು.

“ಅಣ್ಣಂದಿರು ಬಂದರ್‌ನಲ್ಲಿ ಸತ್ತ ಮೀನು ಮಾರ್ತಾರೆ. ನಾನು ಜೀವ ಇರುವುದನ್ನು ಮಾರ್ತೇನೆ” ಎಂದು ಅವನೊಮ್ಮೆ ನಕ್ಕಿದ್ದ. ಮೀನುಗಾರರ ಮಗನಾದರೂ ಬೋಟ್ ಹತ್ತಿದರೆ ವಾಂತಿ ಮಾಡುವವನು. ಮನೆಯಲ್ಲಿ ಒಂಬತ್ತು ಜನ ಇದ್ದರೂ ಅಂಗಡಿ ಹೇಗೆ ನಡೀತಾ ಉಂಟು ಎಂದು ಯಾರೂ ಕೇಳುವುದಿಲ್ಲವೆಂದೂ ಹೇಳಿದ್ದ. ಮಾತನಾಡುವಾಗ ಅವನ ನಗು ಮೊದಲು ಕಣ್ಣಿಗೆ ಬರುತ್ತಿತ್ತು, ತುಟಿಗೆ ಆಮೇಲೆ. ಆ ಎರಡರ ನಡುವಿನ ಚೂರು ಸಮಯಕ್ಕಾಗಿ ಸಂಚಿತಾ ಕಾಯುತ್ತಿದ್ದಳು.

“ನಮ್ಮ ರೌಡಿ ಹೇಗಿದ್ದಾನೆ?”

“ನಿನ್ನೆ ಗಾಜಿನಲ್ಲಿ ತನ್ನನ್ನೇ ನೋಡಿ ಸಿಟ್ಟು ಮಾಡಿದ.”

“ಹ್ಞಾಂ, ಗಂಡಲ್ವಾ? ಇನ್ನೊಂದು ಗಂಡು ಬಂತು ಅಂತ ಎಣಿಸಿದ್ದಾನೆ.”

ಎರಡು ತಿಂಗಳು ಹೀಗೇ ಹೋಯಿತು. ಆಮೇಲೆ ಪಫರ್ ತಿನ್ನುವುದನ್ನು ನಿಲ್ಲಿಸಿತು. ಹೊಟ್ಟೆ ಒಳಗೆ ಹೋಯಿತು. ಒಂದು ಮಂಗಳವಾರ ಬೆಳಿಗ್ಗೆ ತಳದ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಅವಳು ಅದನ್ನು ಬಾಲ್ಕನಿಯ ಹೂಕುಂಡದಲ್ಲಿ ಹೂತು, ಕ್ಲಿನಿಕ್ಕಿಗೆ ಹೋಗಿ, ಹನ್ನೊಂದು ಜನರ ಕಿವಿ ಪರೀಕ್ಷಿಸಿದಳು.

ಶನಿವಾರ ಅಂಗಡಿಗೆ ಹೋದದ್ದು ಹೇಳಲೆಂದೇ. ಆದರೆ ಅವನು ಬಾಗಿಲಲ್ಲೇ “ರೌಡಿ ಹೇಗಿದ್ದಾನೆ?” ಎಂದಾಗ ಆ ಕಣ್ಣುಗಳನ್ನು ನೋಡಿ “ಚೆನ್ನಾಗಿದ್ದಾನೆ” ಎಂದುಬಿಟ್ಟಳು, ಎಂದಿನಂತೆ ಬಸವನಹುಳು ಕೊಂಡು ಬಂದಳು. ಮುಂದಿನ ಶನಿವಾರ “ಬೆರಳಿನ ಹಿಂದೆಯೇ ಬರ್ತಾನೆ” ಎಂದಳು. ಮೂರನೆಯ ಶನಿವಾರ ಯತಿನ್ ಸಂಭ್ರಮದಲ್ಲಿದ್ದ.

“ಕೇರಳದಿಂದ ಎರಡು ಹೆಣ್ಣು ಪಫರ್ ತರಿಸಿದ್ದೇನೆ, ನಿಮ್ಮ ರೌಡಿಗೆ. ನಾಳೆ ಬೆಳಿಗ್ಗೆ ಬಾಕ್ಸ್ ಬರ್ತದೆ. ಗಿಡಗಳನ್ನೂ ತರ್ತೇನೆ. ಒಬ್ಬರಿಗೊಬ್ಬರು ಕಾಣದ ಹಾಗೆ ಮರೆ ಬೇಕು. ನಾನೇ ಬಂದು ಸೆಟ್ ಮಾಡ್ತೇನೆ.”

ಬೇಡ ಎನ್ನುವ ಬದಲು ಅವಳು ಮನೆಯ ವಿಳಾಸ ಬರೆದುಕೊಟ್ಟಳು.

ಭಾನುವಾರ ಹನ್ನೊಂದಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ಯತಿನ್. ಒಂದು ಕೈಯಲ್ಲಿ ಮೀನುಗಳಿದ್ದ ನೀರಿನ ಪ್ಲಾಸ್ಟಿಕ್ ಕವರ್, ಇನ್ನೊಂದರಲ್ಲಿ ಗಿಡಗಳು. ಇಸ್ತ್ರಿ ಮಾಡಿದ ಶರ್ಟ್. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಅವನು ಇಲ್ಲ ಯತಿನ್. ಸತ್ತು ಮೂರು ವಾರ ಆಗ್ತಾ ಬಂತು.”

“ಎಂತ?” ಅವನಿಗೆ ಅರ್ಥವಾಗಲಿಲ್ಲ. “ಬೆರಳಿನ ಹಿಂದೆ ಬರ್ತಾನೆ ಅಂದದ್ದು?”

“ಸುಳ್ಳು.”

“ನಾನು ಎರಡು ವಾರ ಕೇರಳದವರಿಗೆ ಫೋನ್ ಮಾಡಿ ಮಾಡಿ ತರಿಸಿದ್ದು ಮಾರಾಯ್ರೇ...”

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಪೆಟ್ಟು ತಿಂದವರ ಪೆಚ್ಚು ಇತ್ತು. ತಿರುಗಿ ಎರಡು ಮೆಟ್ಟಿಲು ಇಳಿದ. ನಿಂತ. ಕೈಯಲ್ಲಿದ್ದ ಕವರನ್ನು ನೋಡಿದ.

“ಇವು ಬೆಳಿಗ್ಗೆಯಿಂದ ಕವರಿನಲ್ಲಿವೆ. ನೀರಿಗೆ ಬಿಡ್ಬೇಕು” ಎಂದು ಮತ್ತೆ ಮೇಲೆ ಬಂದ.

ಟ್ಯಾಂಕಿನ ಮುಂದೆ ಅವನು ನಿಂತ. ನೀರು ತಿಳಿಯಾಗಿತ್ತು. ಗಾಜಿನ ನಾಲ್ಕೂ ಬದಿ ಬಸವನಹುಳುಗಳು, ನೂರಾರು. ತಿನ್ನುವವರಿಲ್ಲದೆ ಬೆಳೆದ ಸಂಸಾರ.

ಕವರನ್ನು ನೀರಿನಲ್ಲಿ ತೇಲಿಬಿಟ್ಟ. ಕವರಿನ ನೀರು ಟ್ಯಾಂಕಿನ ಶಾಖಕ್ಕೆ ಹೊಂದುವವರೆಗೆ ಕಾಯಬೇಕಿತ್ತು. ಇಬ್ಬರೂ ನೆಲದ ಮೇಲೆಯೇ ಕುಳಿತರು.

“ಯಾಕೆ ಹೇಳ್ಲಿಲ್ಲ?”

“ಮೀನು ಸತ್ತಿತು ಅಂದ್ರೆ ಪುನಃ ನಿಮ್ಮಲ್ಲಿಗೆ ಬರ್ಲಿಕ್ಕೆ ನನಗೆ ಎಂತ ಕಾರಣ ಉಂಟು?” ಎಂದಳು. “ವಾರಕ್ಕೊಮ್ಮೆ ಒಬ್ಬರು ‘ಹೇಗಿದ್ದಾನೆ’ ಅಂತ ಕೇಳ್ತಿದ್ರು. ಅದು ಮೀನಿನ ಬಗ್ಗೆಯೇ ಆದ್ರೂ ಅಡ್ಡಿಲ್ಲ ಅನ್ನಿಸ್ತು.”

ಯತಿನ್ ಅಂಗೈ ನೋಡಿಕೊಂಡ. “ಬಸವನಹುಳು ತನ್ನಷ್ಟಕ್ಕೇ ಮರಿ ಹಾಕ್ತದೆ. ಬೇರೆ ಡಬ್ಬದಲ್ಲಿ ಹತ್ತು ಸಾಕಿದ್ರೆ ಸಾಕು, ಪ್ರತಿ ವಾರ ಕೊಂಡುಹೋಗುವ ಅಗತ್ಯವೇ ಇಲ್ಲ. ಅಂಗಡಿಗೆ ಬಂದವರಿಗೆಲ್ಲ ಮೊದಲ ದಿನವೇ ಹೇಳ್ತೇನೆ.” ತಲೆ ಎತ್ತಿದ. “ನಿಮಗೆ ಹೇಳ್ಲಿಲ್ಲ.”

ಸಂಚಿತಾ ನಕ್ಕಳು. ನಗು ಅರ್ಧದಲ್ಲೇ ಅಳುವಾಯಿತು. ಅವನು ಮುಟ್ಟಲಿಲ್ಲ, ಇನ್ನಷ್ಟು ಹತ್ತಿರ ಕುಳಿತ.

“ಒಂದು ಮನೆಯಲ್ಲಿ ಅಡ್ಜಸ್ಟ್ ಮಾಡಿ ಮಾಡಿ ನಾನೇ ಕಳೆದುಹೋಗಿದ್ದೆ” ಎಂದಳು. “ನನಗೆ ಹೆದರಿಕೆ ಆಗ್ತದೆ, ಯತಿನ್.”

“ಆಗಲಿ. ನನಗೂ ಆಗ್ತದೆ. ನನಗೆ ಅವಸರ ಇಲ್ಲ.”

ತಂದ ಗಿಡಗಳನ್ನು ಮರಳಿನಲ್ಲಿ ನೆಟ್ಟು ಕವರ್ ಬಿಚ್ಚಿದ. ಪುಟ್ಟ ಪಫರ್‌ಗಳೆರಡೂ ಕಣ್ಣು ಹೊರಳಿಸುತ್ತಾ ಒಂದೊಂದು ಗಿಡದ ಮರೆಗೆ ಹೋದವು.

“ಇವು ಜಗಳ ಮಾಡದೆ ಇರ್ತವಾ?”

“ಹೆಣ್ಣುಗಳದ್ದು ಜಗಳ ಕಮ್ಮಿ. ಆದ್ರೂ ಗ್ಯಾರಂಟಿ ಇಲ್ಲ, ಒಂದೊಂದರದ್ದು ಒಂದೊಂದು ಸ್ವಭಾವ. ದಿನಾ ನೋಡ್ತಾ ಇರ್ಬೇಕು.”

ಅವನ ಫೋನ್ ರಿಂಗಾಯಿತು. ಅಮ್ಮ ವಾರಿಜಾಕ್ಷಿ. ಊಟಕ್ಕೆ ಬರುವುದಿಲ್ಲ ಎಂದು ಅವನು ಹೇಳಿದಾಗ ಅತ್ತಲಿಂದ ಬಂದ ದೊಡ್ಡ ದನಿ ಸಂಚಿತಾಳಿಗೂ ಕೇಳಿಸಿತು. “ಏರೆನ ಇಲ್ಲಡ್?” ಯಾರ ಮನೆಯಲ್ಲಿ?

ಯತಿನ್ ಅವಳ ಕಡೆ ನೋಡಿದ. ಗೆಳೆಯನ ಮನೆ ಎನ್ನಬಹುದಿತ್ತು.

“ಸಂಚಿತಾ ಅಂತ ಅಮ್ಮಾ. ಬಂದು ಎಲ್ಲ ಹೇಳ್ತೇನೆ” ಎಂದ ತುಳುವಿನಲ್ಲಿ.

ಅವಳು ಎದ್ದು ಅಡುಗೆಮನೆಗೆ ಹೋದಳು. ಒಬ್ಬರಿಗಷ್ಟೇ ನೆನೆಸಿದ್ದ ಅಕ್ಕಿಗೆ ಇನ್ನೆರಡು ಮುಷ್ಟಿ ಸೇರಿಸಿ ತೊಳೆದಳು.

“ಕುಚ್ಚಲಕ್ಕಿ” ಎಂದಳು ಅಲ್ಲಿಂದಲೇ. “ಬೇಯ್ಲಿಕ್ಕೆ ಒಂದು ಗಂಟೆಯಾದ್ರೂ ಬೇಕು.”

“ಬೇಯಲಿ” ಎಂದ ಯತಿನ್.